ಮೇಜಿ ಜಪಾನ್: ಬೌದ್ಧ ಭಿಕ್ಷುಗಳ ಬಾಯಲ್ಲಿ ಶಿಂತೋ ಬೋಧನೆ ಮಾಡಿಸಿದ್ದು ಹೇಗೆ, ಅದು ಮುರಿದುಬಿದ್ದಿದ್ದು ಏಕೆ?

ಪ್ರಶ್ನೆ (ಪೂರ್ವದಿಕ್ಕು): ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಕಾಲದಲ್ಲಿ, 1868ರಲ್ಲಿ, ಶಿಂತೋ (ಜಪಾನಿನದೇ ಆದ ದೇವತಾಪೂಜೆಯ ಮತ) ದೇಗುಲಗಳಿಂದ ಬೌದ್ಧ ವಿಗ್ರಹಗಳನ್ನು ತೆಗೆಸಿದ ಸರ್ಕಾರವೇ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಭಿಕ್ಷುಗಳನ್ನು ಬೋಧಕರನ್ನಾಗಿ ನೇಮಿಸಿತು. ಮನಸ್ಸು ಬದಲಾಗಿದ್ದು ಯಾಕೆ? ಅವರು ಜನರಿಗೆ ಏನು ಹೇಳಬೇಕಿತ್ತು?

ಹಳೇಕಡತ: ಮನಸ್ಸೇನೂ ಬದಲಾಗಿರಲಿಲ್ಲ ಸರ್, ಆಳು ಸಾಲಲಿಲ್ಲ. 1870ರಲ್ಲಿ ‘ಮಹಾಬೋಧೆ’ಯನ್ನು (ದೇವತೆಗಳನ್ನೂ ಚಕ್ರವರ್ತಿಯನ್ನೂ ಮುಂದಿಟ್ಟ ಸರ್ಕಾರಿ ಬೋಧನೆ) ಸಾರಲು ಹೊರಟ ಶಿಂತೋ ಪ್ರಚಾರಕರು ಕೆಲವೇ ಮಂದಿ, ಅವರಲ್ಲೇ ಒಮ್ಮತವಿರಲಿಲ್ಲ. ಭಿಕ್ಷುಗಳಿಗಾದರೋ ಊರೂರಲ್ಲಿ ಮಠ, ತಲೆಮಾರುಗಳಿಂದ ನಡೆದುಕೊಂಡು ಬಂದ ಭಕ್ತ ಕುಟುಂಬಗಳು, ಪ್ರವಚನದ ಪಳಗಿದ ನಾಲಿಗೆ ಎಲ್ಲವೂ ಇತ್ತು. ಕ್ರೈಸ್ತ ಮತ ಹರಡೀತೆಂಬ ಭಯವೂ ಸೇರಿ, 1872ರಲ್ಲಿ ಕ್ಯೋಬುಶೋ ಎಂಬ ಬೋಧನಾ ಸಚಿವಾಲಯ ಹುಟ್ಟಿತು. ಅದರ ಕೆಳಗೆ ಕ್ಯೋದೋಶೋಕು ಎಂಬ ಬೋಧಕರು. ದರ್ಜೆ 14, ಸಂಬಳವಿಲ್ಲ. ಪುರೋಹಿತರು, ಭಿಕ್ಷುಗಳ ಜೊತೆ ಕಥೆ ಹೇಳುವ ಕಲಾವಿದರನ್ನೂ ಸೇರಿಸಿಕೊಂಡರು.

ಎಲ್ಲರಿಗೂ ಮೂರು ನಿಯಮ ಕಡ್ಡಾಯ: ದೇವತೆಗಳಲ್ಲಿ ಭಕ್ತಿ ಮತ್ತು ದೇಶಪ್ರೇಮ; ದೈವನಿಯಮ ಮತ್ತು ಮನುಷ್ಯಧರ್ಮದ ತಿಳಿವಳಿಕೆ; ಚಕ್ರವರ್ತಿಯಲ್ಲಿ ನಿಷ್ಠೆ, ಸರ್ಕಾರದ ಆಜ್ಞೆಗೆ ವಿಧೇಯತೆ. ಇವನ್ನು ವಿಸ್ತರಿಸಲು ಮೊದಲು 11, ಆಮೇಲೆ 17 ವಿಷಯ ಕೊಟ್ಟರು. ಎರಡನೆಯ ಪಟ್ಟಿಯಲ್ಲಿ ತೆರಿಗೆ, ಬಲಿಷ್ಠ ಸೇನೆ, ವಿದೇಶಾಂಗ ಸಂಬಂಧ ಕೂಡ ಇವೆ. ನಿರ್ವಾಣವಿಲ್ಲ, ಜಪಾನಿನ ಬೌದ್ಧರು ಬಹಳವಾಗಿ ಪೂಜಿಸುವ ಅಮಿದಾ ಬುದ್ಧನಿಲ್ಲ. ಅಂದರೆ ಭಿಕ್ಷು ತನ್ನ ಧರ್ಮವನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಬೇಕಿತ್ತು.

ಬಿದಿರುಮೆಳೆ: ಮುರಿದುಬಿದ್ದ ಬಗೆಗೆ ಟೋಕಿಯೊದ ಜೋಜೋಜಿಯನ್ನು ನೋಡಿದರೆ ಸಾಕು. ಜೋದೋ ಎಂಬ ಬೌದ್ಧ ಪಂಥದ ಈ ದೊಡ್ಡ ಮಠ 1873ರಲ್ಲಿ ದಾಯ್ಕ್ಯೋಇನ್, ಅಂದರೆ ಇಡೀ ವ್ಯವಸ್ಥೆಯ ಕೇಂದ್ರವಾಯಿತು. ಅಮಿದಾ ವಿಗ್ರಹವಿದ್ದ ಜಾಗಕ್ಕೆ ಶಿಂತೋದ ಸೂರ್ಯದೇವತೆ ಅಮತೆರಾಸು ಮತ್ತು ಸೃಷ್ಟಿಯ ಮೂವರು ದೇವತೆಗಳು ಬಂದರು. ಮುಂದೆ ತೋರಿಯಿ, ಅಂದರೆ ಶಿಂತೋ ದೇಗುಲದ ಕಮಾನು. ಭಿಕ್ಷುಗಳು ಶಿಂತೋ ಪದ್ಧತಿಯಂತೆ ಚಪ್ಪಾಳೆ ತಟ್ಟಿ ನಮಿಸಿ, ದೇವತೆಗಳಿಗೆ ಮೀನು ಎಡೆಯಿಡಬೇಕಾಯಿತು. 1874ರ ಹೊಸವರ್ಷದ ದಿನವೇ ಯಾರೋ ಬೆಂಕಿಯಿಟ್ಟು ಮುಖ್ಯ ಮಂದಿರ ಸುಟ್ಟುಹೋಯಿತು.

ನಿಜವಾದ ಪೆಟ್ಟು ಮಾತ್ರ ಶಿನ್ ಎಂಬ ಬೌದ್ಧ ಪಂಥದ ನಿಶಿ ಹೊಂಗಾಂಜಿ ಶಾಖೆಯ ಭಿಕ್ಷು ಶಿಮಾಜಿ ಮೊಕುರಾಯ್ ಅವರದ್ದು. ಇಂಥದೊಂದು ಸಚಿವಾಲಯ ಬೇಕೆಂದು ಮೊದಲು ಮನವಿ ಕೊಟ್ಟವರಲ್ಲಿ ಅವರೂ ಒಬ್ಬರು. ಯುರೋಪಿನ ಪ್ರವಾಸದಲ್ಲಿದ್ದಾಗಲೇ, 1872ರಲ್ಲಿ, ಮೂರು ನಿಯಮಗಳನ್ನು ಖಂಡಿಸಿ ಬರೆದು ಕಳಿಸಿದರು. ಅವರ ವಾದ ಸರಳ: ದೇವತಾಭಕ್ತಿ ಮತದ ಮಾತು, ದೇಶಪ್ರೇಮ ರಾಜಕೀಯದ ಮಾತು, ಎರಡನ್ನೂ ಒಂದೇ ನಿಯಮಕ್ಕೆ ತುರುಕಿದ್ದೇ ತಪ್ಪು. 1875ರಲ್ಲಿ ಶಿನ್ ಪಂಥದ ನಾಲ್ಕು ಶಾಖೆಗಳು ಹೊರನಡೆದವು, ದಾಯ್ಕ್ಯೋಇನ್ ಮುಚ್ಚಿತು. 1877ರಲ್ಲಿ ಸಚಿವಾಲಯವೂ ಹೋಗಿ ಅದರ ಕೆಲಸ ಗೃಹ ಸಚಿವಾಲಯಕ್ಕೆ ಸೇರಿತು.

ಪೂರ್ವದಿಕ್ಕು: ಹಾಗಾದರೆ ಅಲ್ಲಿಂದ ಧಾರ್ಮಿಕ ಸ್ವಾತಂತ್ರ್ಯ ಬಂತು ಅನ್ನಬಹುದಾ?

ಹಳೇಕಡತ: ಅರ್ಧ ಮಾತ್ರ. ಶಿಂತೋ ಪಾಳಯದಲ್ಲೂ ಜಗಳವಿತ್ತು: ತಮ್ಮ ದೇವತೆ ಒಕುನಿನುಶಿಯನ್ನೂ ಅಮತೆರಾಸು ಮತ್ತು ಆ ಮೂವರ ಸಾಲಿಗೆ ಸೇರಿಸಿ ಎಂದು ಇಜುಮೋ ದೇಗುಲದವರು, ಆಗದು ಎಂದು ಇಸೆ ದೇಗುಲದವರು. 1881ರಲ್ಲಿ ಚಕ್ರವರ್ತಿಯ ಆದೇಶವೇ ಬರಬೇಕಾಯಿತು. ಸರ್ಕಾರ ಇದರಿಂದ ಕಲಿತದ್ದು ಬೋಧನೆ ಬೇಡ, ಆಚರಣೆ ಸಾಕು ಅಂತ. 1882ರಲ್ಲಿ ಸರ್ಕಾರಿ ಶ್ರೇಣಿಯ ದೇಗುಲಗಳ ಪುರೋಹಿತರು ಬೋಧಕರಾಗುವುದನ್ನು, ಶವಸಂಸ್ಕಾರ ನಡೆಸುವುದನ್ನು ನಿಲ್ಲಿಸಿದರು. 1884ರಲ್ಲಿ ಬೋಧಕ ಹುದ್ದೆಯನ್ನೇ ರದ್ದು ಮಾಡಿದರು. ಶಿಂತೋ ದೇಗುಲ ‘ಮತವಲ್ಲ’ ಎಂದಾದ ಮೇಲೆ 1889ರ ಸಂವಿಧಾನ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟರೂ ದೇಗುಲಗಳ ಮೇಲಿನ ಸರ್ಕಾರದ ಹಿಡಿತ ಸಡಿಲವಾಗಲಿಲ್ಲ. ನನ್ನ ಮಟ್ಟಿಗೆ ಇದು ಕ್ಯೋಬುಶೋಗಿಂತ ಅಪಾಯಕಾರಿ, ಏಕೆಂದರೆ ಮತವಲ್ಲ ಅಂದಮೇಲೆ ನಿರಾಕರಿಸಲು ನೆಪವೂ ಸಿಗದು. ಸರ್ಕಾರ ಮತ್ತು ದೇಗುಲಗಳ ಈ ನಂಟು ಕಡಿದದ್ದು 1945ರ ಡಿಸೆಂಬರ್ 15ರಂದು, ಮಿತ್ರಪಡೆಗಳ ಆದೇಶದಿಂದ.

ಬಿದಿರುಮೆಳೆ: ದಿನಾಂಕ ಬರೆದುಕೊಳ್ಳುವವರಿಗೆ ಒಂದು ಮಾತು. ಜಪಾನ್ ಹೊಸ ಕ್ಯಾಲೆಂಡರಿಗೆ ಬದಲಾದದ್ದು 1873ರ ಜನವರಿ 1ಕ್ಕೆ. ಅದಕ್ಕೂ ಹಿಂದಿನ ದಾಖಲೆಯ ತಿಂಗಳನ್ನು ಹಾಗೇ ಎತ್ತಿಕೊಂಡರೆ ತಪ್ಪುತ್ತದೆ. ಮಹಾಬೋಧೆಯ ಆಜ್ಞೆಯಲ್ಲಿರುವುದು ಮೇಜಿ 3 (ಮೇಜಿ ಯುಗದ ಮೂರನೇ ವರ್ಷ), ಮೊದಲ ತಿಂಗಳು, 3ನೇ ದಿನ; ನಮ್ಮ ಲೆಕ್ಕಕ್ಕೆ ಅದು 1870ರ ಫೆಬ್ರವರಿ 3.