ಲ್ಯಾಬ್ ಕಂಪ್ಯೂಟರಿನಲ್ಲಿ ಆಟ ತಡೆಯುವುದು ಹೇಗೆ? ಮೆನುವಿನಿಂದ ತೆಗೆದರೂ ಮಕ್ಕಳು ತೆರೆಯುತ್ತಾರೆ

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ನಮ್ಮ ಲ್ಯಾಬಿನಲ್ಲಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಇದೆ. ಎಲ್ಲ ಮಕ್ಕಳಿಗೂ ಒಂದೇ ಖಾತೆ. ಪಾಠದ ಹೊತ್ತಿನಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಎಂಬ ರೇಸಿಂಗ್ ಆಟ ಶುರು ಮಾಡಿಬಿಡುತ್ತಾರೆ. ಮೆನು ತಿದ್ದುವ ಮೆನುಲಿಬ್ರೆಯಲ್ಲಿ ಅದನ್ನು ಮರೆಮಾಡಿದೆ, ಆದರೂ ಹೇಗೋ ತೆರೆಯುತ್ತಾರೆ. ಪೂರ್ತಿ ತೆಗೆದುಹಾಕುವ ಹಾಗಿಲ್ಲ, ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಆಡಲು ಬಿಡುತ್ತೇವೆ. ಏನು ಮಾಡಲಿ ಸರ್?

ಉತ್ತರ: ಮೇಡಂ, ಮೆನುವಿನಿಂದ ಮರೆಮಾಡುವುದೇ ಬೇರೆ, ತಡೆಯುವುದೇ ಬೇರೆ. ಮೆನುವಿನಲ್ಲಿ ಕಾಣುವ ಒಂದೊಂದು ಹೆಸರಿಗೂ ಒಂದೊಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರುತ್ತದೆ. ನೀವು ಮರೆಮಾಡಿದಾಗ ಅದರ ನಕಲು ಹೋಮ್ ಫೋಲ್ಡರಿಗೆ ಬಂದು, ಅದರಲ್ಲಿ 'ನೋಡಿಸ್‌ಪ್ಲೇ' ಎಂಬ ಸಾಲು ಸೇರುತ್ತದೆ. ಅಷ್ಟೇ. ಆಟ ಇದ್ದಲ್ಲೇ ಇರುತ್ತದೆ. ಆಲ್ಟ್ ಮತ್ತು ಎಫ್2 ಒಟ್ಟಿಗೆ ಒತ್ತಿ ಅದರ ಹೆಸರು ಟೈಪ್ ಮಾಡಿದರೆ ತೆರೆದುಕೊಳ್ಳುತ್ತದೆ. ಆ ನಕಲನ್ನು ಮಕ್ಕಳೇ ಅಳಿಸಲೂಬಹುದು, ಅದು ಅವರ ಹೋಮ್ ಫೋಲ್ಡರ್ ಅಲ್ವಾ.

ಮೊದಲು ಒಂದು ನೋಡಿ. ಮಕ್ಕಳ ಖಾತೆ ಅಡ್ಮಿನಿಸ್ಟ್ರೇಟರ್ ಆಗಿದೆಯಾ? ಆಗಿದ್ದರೆ ಮುಂದೆ ಹೇಳುವುದೆಲ್ಲ ದಂಡ. ನಿಮಗೊಂದು ಬೇರೆ ಅಡ್ಮಿನ್ ಖಾತೆ ಮಾಡಿಕೊಳ್ಳಿ. ಅದರಲ್ಲಿ ಲಾಗಿನ್ ಆಗಿ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ವ್ಯವಸ್ಥೆ) ಕೆಲಸ ಮಾಡುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಕ್ಕಳ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಪ್ಪಿದರೆ ನೀವೇ ಹೊರಗುಳಿಯುತ್ತೀರಿ.

ಈಗ ಆಟ. ಹೊಸ ಗ್ರೂಪ್ ಮಾಡಿ, 'ಶನಿವಾರ' ಅಂತಲೇ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಿ. 'ಗೇಮ್ಸ್' ಎಂಬ ಗ್ರೂಪ್ ಸಿಸ್ಟಮಿನಲ್ಲಿ ಮೊದಲೇ ಇರುತ್ತದೆ, ಅದನ್ನು ಮುಟ್ಟಬೇಡಿ. ಶನಿವಾರಕ್ಕೆಂದು ಇನ್ನೊಂದು ಖಾತೆ ತೆರೆದು ಈ ಗ್ರೂಪಿಗೆ ಸೇರಿಸಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಆಟದ ಫೈಲ್ ಯುಎಸ್‌ಆರ್ ಒಳಗಿನ ಗೇಮ್ಸ್ ಫೋಲ್ಡರಿನಲ್ಲಿದೆ. ಅದರ ಮಾಲೀಕ ರೂಟ್ (ಸಿಸ್ಟಮಿನ ಮುಖ್ಯ ಖಾತೆ), ಗ್ರೂಪ್ 'ಶನಿವಾರ', ಪರ್ಮಿಷನ್ 750 (ಮಾಲೀಕನಿಗೆ ಎಲ್ಲ, ಗ್ರೂಪಿಗೆ ಓದಲು ಮತ್ತು ಓಡಿಸಲು, ಉಳಿದವರಿಗೆ ಏನೂ ಇಲ್ಲ) ಆಗಬೇಕು. ಆಗ ಗ್ರೂಪಿನ ಹೊರಗಿನವರು ಅದನ್ನು ಓಡಿಸಲಾರರು, ಎಲ್ಲಿಂದ ತೆರೆದರೂ ಅಷ್ಟೇ.

ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಕಮಾಂಡ್‌ನಿಂದ ಇದನ್ನು ಮಾಡಿದರೆ ಮುಂದಿನ ಅಪ್‌ಡೇಟಿನಲ್ಲಿ ಪರ್ಮಿಷನ್ ಹಳೆಯದಕ್ಕೇ ಮರಳುತ್ತದೆ. ಅದಕ್ಕೇ ಡಿಪಿಕೆಜಿ-ಸ್ಟಾಟ್‌ಓವರ್‌ರೈಡ್ ಕಮಾಂಡ್ ಬಳಸಿ. ಅಪ್‌ಡೇಟ್, ಆಡ್ ಎಂಬ ಎರಡು ಆಪ್ಷನ್ ಹಾಕಿ, ಆಮೇಲೆ ರೂಟ್, ಗ್ರೂಪಿನ ಹೆಸರು, 0750, ಫೈಲಿನ ಪೂರ್ತಿ ಪಾತ್, ಇದೇ ಕ್ರಮದಲ್ಲಿ ಕೊಡಿ. ಎಷ್ಟು ಅಪ್‌ಡೇಟ್ ಬಂದರೂ ಉಳಿಯುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹಾಗೇ ಟರ್ಮಿನಲ್ ಕೂಡ ಮುಚ್ಚಿಬಿಡಲಾ?

ಉತ್ತರ: ಬೇಡ ಮೇಡಂ. ಸುಡೊ ಇಲ್ಲದ ಖಾತೆಯಲ್ಲಿ ಮಗು ಏನೇ ಟೈಪ್ ಮಾಡಿದರೂ ಕೆಡುವುದು ಆ ಖಾತೆಯ ಫೈಲುಗಳು ಮಾತ್ರ. ಒಂದು ಟರ್ಮಿನಲ್ ಮುಚ್ಚಿದರೂ ಕಂಟ್ರೋಲ್ ಆಲ್ಟ್ ಎಫ್3 ಒತ್ತಿದರೆ ಕಪ್ಪು ಪರದೆ ಬಂದೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಟರ್ಮಿನಲ್ ತೆರೆದು ನೋಡುವ ಕುತೂಹಲ ಇರುವ ಮಗುವಿಗೆ ಕಲಿಸಬೇಕು, ಬಾಗಿಲು ಹಾಕಬಾರದು. ಕಮಾಂಡ್ ಓಡಿಸುವ ಬ್ಯಾಶ್, ಪೈಥಾನ್‌ಗಳ ಪರ್ಮಿಷನ್‌ಗಂತೂ ಕೈ ಹಾಕಲೇಬೇಡಿ, ಡೆಸ್ಕ್‌ಟಾಪೇ ನಿಂತುಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಲೈಬ್ರರಿಯಲ್ಲಿ ಉಬುಂಟು 22.04 ಇದೆ. ಇದೇ ರೀತಿ ಫೈರ್‌ಫಾಕ್ಸ್ ತಡೆಯಬಹುದಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಉಬುಂಟುವಿನ ಬೇರೆ ಬಗೆಯ ಪ್ಯಾಕೇಜ್) ಆಗಿ ಬರುತ್ತದೆ. ಸ್ನ್ಯಾಪ್‌ನ ಬಿನ್ ಫೋಲ್ಡರಿನಲ್ಲಿ ಕಾಣುವ ಫೈರ್‌ಫಾಕ್ಸ್ ಬರೀ ಒಂದು ಲಿಂಕ್, ಅದು ಹೋಗಿ ಸೇರುವುದು ಸ್ನ್ಯಾಪ್ ಎಂಬ ಪ್ರೋಗ್ರಾಮಿಗೆ. ಅಲ್ಲಿ ಸಿಎಚ್‌ಮಾಡ್ ಮಾಡಿದರೆ ಸ್ನ್ಯಾಪ್‌ನದೇ ಪರ್ಮಿಷನ್ ಬದಲಾಗಿ, ಎಲ್ಲ ಸ್ನ್ಯಾಪ್ ಆ್ಯಪ್‌ಗಳೂ ಒಟ್ಟಿಗೆ ಕೈಕೊಡುತ್ತವೆ.

ಅಂದ ಹಾಗೆ, ನಿಮಗೆ ತಡೆಯಬೇಕಿರುವುದು ಬ್ರೌಸರನ್ನೋ, ಕೆಲವು ಸೈಟುಗಳನ್ನೋ?

ಇನ್ನೊಬ್ಬರು: ಸೈಟುಗಳನ್ನೇ ಸರ್. ಕ್ಯಾಟಲಾಗ್ ಒಂದು ತೆರೆದರೆ ಸಾಕು.

ಉತ್ತರ: ಹಾಗಾದರೆ ಸುಲಭ. ಇಟಿಸಿ ಒಳಗೆ ಫೈರ್‌ಫಾಕ್ಸ್, ಅದರೊಳಗೆ ಪಾಲಿಸೀಸ್ ಎಂಬ ಫೋಲ್ಡರ್ ಮಾಡಿ, ಪಾಲಿಸೀಸ್ ಡಾಟ್ ಜೇಸನ್ ಫೈಲ್ ಇಡಿ. ಅದರಲ್ಲಿ 'ವೆಬ್‌ಸೈಟ್‌ಫಿಲ್ಟರ್' ಅಡಿಯಲ್ಲಿ 'ಬ್ಲಾಕ್'ಗೆ ಎಲ್ಲ ವಿಳಾಸವನ್ನೂ, 'ಎಕ್ಸೆಪ್ಷನ್ಸ್'ಗೆ ಕ್ಯಾಟಲಾಗ್ ವಿಳಾಸವನ್ನೂ ಹಾಕಿ. ಸ್ನ್ಯಾಪ್ ಫೈರ್‌ಫಾಕ್ಸ್ ಕೂಡ ಈ ಫೈಲನ್ನು ಓದುತ್ತದೆ. ಬ್ರೌಸರ್ ಮುಚ್ಚಿ ತೆರೆದು, ವಿಳಾಸದ ಪಟ್ಟಿಯಲ್ಲಿ 'ಅಬೌಟ್ ಪಾಲಿಸೀಸ್' ಪುಟ ನೋಡಿ. ಫೈಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಅಲ್ಲಿ ಎರರ್ ತೋರಿಸುತ್ತದೆ.