ವೆಬ್‌ಕಾಮಿಕ್ ಓದು: ಎಲ್ಲಿಂದ ಆರಂಭಿಸಬೇಕು, ಹೇಗೆ ಮುಂದುವರಿಯಬೇಕು?

ಪ್ರಶ್ನೆ

ಮುದ್ರಿತ ಚಿತ್ರಕಥೆಗಳನ್ನು ಚಿಕ್ಕಂದಿನಿಂದಲೂ ಓದುತ್ತ ಬಂದಿದ್ದೇನೆ. ಅಂತರ್ಜಾಲದಲ್ಲೇ ಕಂತುಗಳಾಗಿ ಬರುವ ವೆಬ್‌ಕಾಮಿಕ್‌ಗಳು ಮಾತ್ರ ನನಗೆ ಹೊಸವು. ಒಂದು ಆ್ಯಪ್‌ನ ಮೊದಲ ಪುಟದಲ್ಲಿ ಕಂಡ ಮೂರು ಕಥೆಗಳನ್ನು ಓದಲು ಕುಳಿತೆ, ಮೂರೂ ರುಚಿಸಲಿಲ್ಲ. ಇಷ್ಟವಾದ ನಾಲ್ಕನೆಯದರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳಿದ್ದುದನ್ನು ಕಂಡು ಕೈಬಿಟ್ಟೆ. ಒಳ್ಳೆಯದನ್ನು ಹುಡುಕುವ ಬಗೆ ಯಾವುದು, ಇಷ್ಟೊಂದು ಪುಟಗಳನ್ನು ದಣಿಯದೆ ಓದುವುದು ಹೇಗೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಆ್ಯಪ್‌ನ ಮೊದಲ ಪುಟ ತೋರಿಸುವುದು ಸದ್ಯಕ್ಕೆ ಹೆಚ್ಚು ಜನ ಓದುತ್ತಿರುವ ಕಥೆಗಳನ್ನು. ಅವು ನಿಮ್ಮ ಅಭಿರುಚಿಗೆ ಒಗ್ಗಬೇಕೆಂದೇನೂ ಇಲ್ಲ. ಆದ್ದರಿಂದ ಪಟ್ಟಿಗಳಿಗಿಂತ ಕಲಾವಿದರನ್ನೇ ಹಿಂಬಾಲಿಸಿ ಎಂಬುದು ನನ್ನ ಸಲಹೆ. ಮನಸ್ಸಿಗೆ ಹಿಡಿಸಿದ ಒಂದೇ ಒಂದು ವೆಬ್‌ಕಾಮಿಕ್ ಸಿಕ್ಕರೂ ಸಾಕು, ಅದನ್ನು ಬರೆಯುವವರು ತಾವು ಯಾವುದನ್ನು ಓದುತ್ತಾರೆ ಎಂಬುದನ್ನು ಜಾಲತಾಣದ ಲಿಂಕ್‌ಗಳ ವಿಭಾಗದಲ್ಲೋ ಕಂತಿನ ಕೆಳಗಿನ ಟಿಪ್ಪಣಿಯಲ್ಲೋ ಹೇಳಿಯೇ ಇರುತ್ತಾರೆ. ಅವರು ಬಿಡುವು ಪಡೆದ ದಿನಗಳಲ್ಲಿ ಬೇರೆ ಕಲಾವಿದರು ಅದೇ ಪಾತ್ರಗಳನ್ನು ತಮ್ಮ ಶೈಲಿಯಲ್ಲಿ ಚಿತ್ರಿಸಿಕೊಡುವ ಅತಿಥಿ ಕಂತುಗಳನ್ನಂತೂ ಬಿಡಲೇಬೇಡಿ. ನಾನು ಈಗ ಓದುತ್ತಿರುವ ಕಾಮಿಕ್‌ಗಳಲ್ಲಿ ಅರ್ಧದಷ್ಟು ಅಂಥ ಕಂತುಗಳ ಮೂಲೆಯಲ್ಲಿದ್ದ ಸಹಿಗಳ ಜಾಡು ಹಿಡಿದು ಸಿಕ್ಕವು.

ಪ್ರಶಸ್ತಿಗಳ ಹಳೆಯ ಪಟ್ಟಿಗಳಿಂದಲೂ ಉಪಯೋಗವಿದೆ. ಕಾಮಿಕ್‌ಗಳಿಗೆಂದೇ ಅಮೆರಿಕದಲ್ಲಿ ಕೊಡುವ ಐಸ್ನರ್ ಪ್ರಶಸ್ತಿಯಲ್ಲಿ 2005ರಿಂದ ಡಿಜಿಟಲ್ ಕಾಮಿಕ್‌ಗೆ ಪ್ರತ್ಯೇಕ ವಿಭಾಗವಿದೆ, 2017ರಿಂದ ವೆಬ್‌ಕಾಮಿಕ್‌ಗೆಂದೇ ಇನ್ನೊಂದಿದೆ. ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಚಿತ್ರಕಥಾ ವಿಭಾಗದಲ್ಲಿ 2009ರಿಂದ ಸತತ ಮೂರು ವರ್ಷ ಗೆದ್ದದ್ದು 'ಗರ್ಲ್ ಜೀನಿಯಸ್' ಎಂಬ ವೆಬ್‌ಕಾಮಿಕ್, 2012ರಲ್ಲಿ ಗೆದ್ದದ್ದು ಉರ್ಸುಲಾ ವರ್ನನ್ ಅವರ 'ಡಿಗ್ಗರ್'. ಹೊಸಬರಿಗೆ ನಾನು ಹೇಳುವುದು ಈ ಎರಡನೆಯದನ್ನೇ, ಏಕೆಂದರೆ ಅದು 2003ರಲ್ಲಿ ಆರಂಭವಾಗಿ 2011ರಲ್ಲಿ ಮುಗಿದ ಕಥೆ. ಸುರಂಗ ತೋಡುವ ವೊಂಬ್ಯಾಟ್ (ಬಿಲ ತೋಡಿ ಬಾಳುವ ಆಸ್ಟ್ರೇಲಿಯಾದ ಪ್ರಾಣಿ) ಒಬ್ಬಳು ನೆಲದಡಿ ದಾರಿ ತಪ್ಪಿ, ಕಲ್ಲು ಒಡೆದು ಮೇಲೆ ಬಂದಾಗ ಅದು ಗಣೇಶನ ಗುಡಿಯಾಗಿರುತ್ತದೆ. ಅಲ್ಲಿನ ಮೂರ್ತಿಯೇ ಅವಳೊಡನೆ ಮಾತಿಗಿಳಿಯುತ್ತದೆ. ಎಲ್ಲವೂ ಕಪ್ಪುಬಿಳುಪಿನಲ್ಲಿದ್ದು, ಕತ್ತಲೆಯಿಂದ ಗೆರೆಗಳನ್ನು ಕೆತ್ತಿ ತೆಗೆದಂತೆ ಕಾಣುತ್ತದೆ. ಮುಗಿದ ಕಥೆಯೊಂದನ್ನು ಮೊದಲು ಓದಿದರೆ, ಈ ಮಾಧ್ಯಮದಲ್ಲಿ ಕಥೆ ಎಷ್ಟು ದೂರ ಸಾಗಬಲ್ಲದು ಎಂಬ ಅಂದಾಜು ಸಿಗುತ್ತದೆ.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಯಾವುದನ್ನು ಓದುತ್ತೀರಿ ಎಂಬಷ್ಟೇ ಎಲ್ಲಿ ಓದುತ್ತೀರಿ ಎಂಬುದೂ ಮುಖ್ಯ. ಕಡ್ಡಿಯಂಥ ಗೆರೆಗಳ ಮನುಷ್ಯರಿರುವ, ರ್‍ಯಾಂಡಲ್ ಮನ್ರೋ ಅವರ ವೆಬ್‌ಕಾಮಿಕ್ 'ಎಕ್ಸ್‌ಕೆಸಿಡಿ'ಯ ಕಂತುಗಳನ್ನು ನಾನು ಬಹುಕಾಲ ಯಾರೋ ಕಳುಹಿಸಿದ ಚಿತ್ರಗಳಾಗಿಯೇ ನೋಡಿದ್ದೆ. ಒಮ್ಮೆ ಮೂಲ ಜಾಲತಾಣಕ್ಕೆ ಹೋದಾಗ ಮೌಸ್‌ನ ಬಾಣ ಆಕಸ್ಮಿಕವಾಗಿ ಚಿತ್ರದ ಮೇಲೆ ನಿಂತಿತು, ಕ್ಷಣದ ಬಳಿಕ ಪುಟ್ಟ ಚೌಕದಲ್ಲಿ ಇನ್ನೊಂದು ಸಾಲು ಮೂಡಿತು. ಪ್ರತಿಯೊಂದು ಕಂತಿಗೂ ಅಂಥದೊಂದು ಸಾಲಿದೆ ಎಂದು ತಿಳಿದಾಗ, ಅದುವರೆಗೆ ನಾನು ಓದಿದ್ದೆಲ್ಲವೂ ಕೊನೆಯ ಸಾಲಿಲ್ಲದ ಓದಾಗಿತ್ತೆಂದು ಬೇಸರವೂ, ಮತ್ತೆ ಮೊದಲಿನಿಂದ ಓದಬಹುದೆಂಬ ಸಂತೋಷವೂ ಒಟ್ಟಿಗೇ ಆದವು. ಮೊಬೈಲ್‌ನಲ್ಲಿ ಓದುವವರಿಗೆ ಆ ತಾಣದ ಮೊಬೈಲ್ ಆವೃತ್ತಿಯಲ್ಲಿ ಒಂದು ಲಿಂಕ್ ಒತ್ತಿದರೆ ಆ ಸಾಲು ಕಾಣುತ್ತದೆ.

ಪರದೆಗೆ ಪುಟದ ಅಂಚು ಇಲ್ಲ ಎಂಬುದನ್ನು ಕಾಮಿಕ್ ಕಲಾವಿದ, ಚಿಂತಕ ಸ್ಕಾಟ್ ಮೆಕ್‌ಕ್ಲೌಡ್ 2000ದಲ್ಲೇ 'ಅನಂತ ಕ್ಯಾನ್‌ವಾಸ್' ಎಂದು ವಿವರಿಸಿದ್ದರು. ಕೊರಿಯಾದಲ್ಲಿ ಬೆಳೆದ ವೆಬ್‌ಟೂನ್ ಎಂಬ ಪ್ರಕಾರ ಮೇಲಿನಿಂದ ಕೆಳಕ್ಕೆ ಒಂದೇ ಪಟ್ಟಿಯಾಗಿ ಇಳಿಯುವುದರಿಂದ ಅದನ್ನು ಫೋನ್‌ನಲ್ಲೇ ಓದಬೇಕು. ಎರಡು ಚಿತ್ರಗಳ ನಡುವೆ ಕಲಾವಿದರು ಬಿಟ್ಟಿರುವ ಉದ್ದನೆಯ ಖಾಲಿ ಜಾಗವನ್ನು ಬೆರಳಿನಿಂದ ಸರಸರನೆ ಸರಿಸಿಬಿಡಬೇಡಿ. ಪಾತ್ರವೊಂದು ಉತ್ತರಿಸಲು ತಡವರಿಸಿದ್ದು ಅಲ್ಲೇ ಇರುತ್ತದೆ. ಇದಕ್ಕೆ ನೇರ ವಿರುದ್ಧವಾದುದು ರಯಾನ್ ನಾರ್ತ್ ಅವರ 'ಡೈನೋಸಾರ್ ಕಾಮಿಕ್ಸ್'. 2003ರಿಂದ ಹೆಚ್ಚುಕಡಿಮೆ ಎಲ್ಲ ಕಂತುಗಳಲ್ಲೂ ಅವೇ ಆರು ಚಿತ್ರಗಳು, ಬದಲಾಗುವುದು ಮಾತು ಮಾತ್ರ. ಹತ್ತು ಕಂತು ಓದುವಷ್ಟರಲ್ಲಿ ಮೂರನೆಯ ಚಿತ್ರದಲ್ಲಿ ಎತ್ತಿದ ಕಾಲಿಗೆ ಈ ಸಲ ಯಾವ ಮಾತು ಜೋಡಿಯಾಗುತ್ತದೆ ಎಂದು ನೀವೇ ಎದುರುನೋಡತೊಡಗುತ್ತೀರಿ. ಚೆನ್ನಾಗಿ ಚಿತ್ರ ಬರೆಯಲು ಬಾರದವರಿಗೆ ಕಾಮಿಕ್ ಸಲ್ಲದು ಎಂದುಕೊಂಡಿದ್ದ ನನ್ನ ಅಭಿಪ್ರಾಯವನ್ನು ಇದೂ 'ಎಕ್ಸ್‌ಕೆಸಿಡಿ'ಯೂ ಸಂಪೂರ್ಣವಾಗಿ ಬದಲಿಸಿದವು.

ಮೂರನೆಯ ಉತ್ತರ

ಸಾವಿರ ಪುಟಗಳ ವಿಷಯಕ್ಕೆ ಬರುತ್ತೇನೆ. ಅಭಿಮಾನದ ಭರದಲ್ಲಿ ಒಂದು ದೀರ್ಘ ಕಥೆಯ ಒಂಬೈನೂರು ಪುಟಗಳನ್ನು ನಾನು ಒಂದೇ ವಾರದಲ್ಲಿ ಓದಿ ಮುಗಿಸಿದ್ದೆ. ತಿಂಗಳು ಕಳೆದು ಹೊಸ ಕಂತು ಬಂದಾಗ ಅದರಲ್ಲಿ ಮರಳಿ ಬಂದ ಪಾತ್ರ ಯಾರೆಂದೇ ನೆನಪಾಗಲಿಲ್ಲ. ವಾರಕ್ಕೆ ಮೂರು ಪುಟದಂತೆ ಬರೆದ ಕಥೆಯಲ್ಲಿ ಪ್ರತಿ ಪುಟವೂ ಓದುಗನನ್ನು ಎರಡು ದಿನ ಹಿಡಿದಿಟ್ಟುಕೊಳ್ಳುವಂತೆ ರಚನೆಯಾಗಿರುತ್ತದೆ, ಅದನ್ನು ಎರಡು ಸೆಕೆಂಡಿಗೊಂದರಂತೆ ದಾಟಿದರೆ ಆ ಕೆಲಸವೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಈಗ ನಾನು ರಾತ್ರಿಗೊಂದು ಅಧ್ಯಾಯ ಮಾತ್ರ ಓದುತ್ತೇನೆ, ನಿಲ್ಲಿಸಿದ ಪುಟವನ್ನು ಬುಕ್‌ಮಾರ್ಕ್ ಮಾಡಿಡುತ್ತೇನೆ.

ಆರಂಭದ ಪುಟಗಳ ಚಿತ್ರಗಳು ಒರಟಾಗಿದ್ದರೆ ಅವನ್ನು ಹಾರಿಸಿ ಮುಂದೆ ಹೋಗಬೇಡಿ. ಜೆಫ್ ಜಾಕ್ಸ್ 2003ರಲ್ಲಿ ಆರಂಭಿಸಿದ 'ಕ್ವೆಶ್ಚನೆಬಲ್ ಕಂಟೆಂಟ್' ಐದು ಸಾವಿರ ಕಂತುಗಳನ್ನು ದಾಟಿದೆ. ಅದರ ಮೊದಲ ಕಂತನ್ನೂ ಇತ್ತೀಚಿನದನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಕೈ ಬರೆದದ್ದೆಂದು ನಂಬುವುದು ಕಷ್ಟ. ಕಲಾವಿದರೊಬ್ಬರ ಕೈ ನಮ್ಮ ಕಣ್ಣೆದುರೇ ಪಳಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮಾಧ್ಯಮ ನನಗೆ ಬೇರೆ ಕಂಡಿಲ್ಲ.

ನಡೆಯುತ್ತಿರುವ ಕಥೆಗಳಿಗೆ ಆರ್‌ಎಸ್‌ಎಸ್ ಫೀಡ್ ಬಳಸಿ. ಹೊಸ ಪುಟ ಬಂದಾಗ ತಾನಾಗಿ ತಿಳಿಯುತ್ತದೆ, ದಿನವೂ ಹೋಗಿ ನೋಡಿ ನಿರಾಶರಾಗುವುದು ತಪ್ಪುತ್ತದೆ. ಕಾಯುವುದೇ ಓದಿನ ಭಾಗವಾಗುವುದಕ್ಕೆ 'ಎಕ್ಸ್‌ಕೆಸಿಡಿ'ಯ 1190ನೆಯ ಕಂತು 'ಟೈಮ್' ದೊಡ್ಡ ಉದಾಹರಣೆ. 2013ರ ಮಾರ್ಚ್‌ನಲ್ಲಿ ಅದು ಸಮುದ್ರತೀರದಲ್ಲಿ ಕುಳಿತ ಇಬ್ಬರ ಚಿತ್ರವಷ್ಟೇ ಆಗಿತ್ತು. ಮೊದಲು ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಚಿತ್ರ ಬದಲಾಗುತ್ತ, ಮರಳಿನ ಕೋಟೆ ಎದ್ದು, ನೀರು ಏರಿ, ಅವರಿಬ್ಬರು ಕಾರಣ ಹುಡುಕುತ್ತ ಹೊರಟು, ನಾಲ್ಕು ತಿಂಗಳಲ್ಲಿ 3,099 ಚಿತ್ರಗಳಾದವು. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಈಗ ಅದನ್ನು ಕೆಲವೇ ನಿಮಿಷಗಳಲ್ಲಿ ಓಡಿಸಿ ನೋಡಬಹುದಾದರೂ, ದಯವಿಟ್ಟು ನಿಧಾನವಾಗಿ ನೋಡಿ.

ನಾಲ್ಕನೆಯ ಉತ್ತರ

ಒಂದು ಎಚ್ಚರಿಕೆ ಮಾತ್ರ. ನನಗೆ ಅಚ್ಚುಮೆಚ್ಚಾಗಿದ್ದ ಒಂದು ಕಾಮಿಕ್, ಅದನ್ನು ಇರಿಸಿದ್ದ ತಾಣ ಮುಚ್ಚಿದಾಗ ಒಂದೇ ದಿನದಲ್ಲಿ ಕಣ್ಮರೆಯಾಯಿತು. ಹಳೆಯ ಜಾಲಪುಟಗಳ ಪ್ರತಿಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಕೆಲವು ಪುಟಗಳು ಮಾತ್ರ ಸಿಕ್ಕವು. 2020ರ ಕೊನೆಗೆ ಬ್ರೌಸರ್‌ನಲ್ಲಿ ಅನಿಮೇಷನ್ ಓಡಿಸುವ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಂತಾಗ, ಅದರ ಮೇಲೆ ಕಟ್ಟಿದ ಚಲಿಸುವ ಕಂತುಗಳೂ ಬ್ರೌಸರ್‌ನಲ್ಲಿ ತೆರೆಯದಾದವು. ಆದ್ದರಿಂದ ಮನಸ್ಸಿಗೆ ಹತ್ತಿರವಾದುದರ ಪುಸ್ತಕ ಆವೃತ್ತಿ ಬಂದರೆ ಕೊಳ್ಳಿ, ಸಾಧ್ಯವಿದ್ದರೆ ಓದುಗರು ಕಲಾವಿದರಿಗೆ ನೇರವಾಗಿ ಹಣ ಕೊಡುವ ಪೇಟ್ರಿಯಾನ್‌ನಂತಹ ವ್ಯವಸ್ಥೆಯ ಮೂಲಕ ಸಣ್ಣ ಮೊತ್ತವನ್ನಾದರೂ ನೀಡಿ, ಅದೂ ಆಗದಿದ್ದರೆ ಚಿತ್ರವನ್ನು ಕತ್ತರಿಸಿ ಕಳುಹಿಸದೆ ಮೂಲ ಲಿಂಕನ್ನೇ ಸ್ನೇಹಿತರಿಗೆ ಕೊಡಿ. ಡೇವಿಡ್ ರೆವಾಯ್ ಅವರ 'ಪೆಪ್ಪರ್ ಆ್ಯಂಡ್ ಕ್ಯಾರಟ್' ಮುಕ್ತ ಪರವಾನಗಿಯಲ್ಲಿದ್ದು, ಹೆಸರು ಉಲ್ಲೇಖಿಸಿ ಯಾರು ಬೇಕಾದರೂ ಅನುವಾದಿಸಬಹುದು. ಅಭಿಮಾನವನ್ನು ಕೆಲಸದಲ್ಲಿ ತೋರಿಸಬೇಕೆನಿಸಿದವರು ಅದನ್ನು ಗಮನಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ 'ಡಿಗ್ಗರ್' ಆರಂಭಿಸಿ, ಗಣೇಶನ ಮೂರ್ತಿ ಮಾತನಾಡುವ ಪುಟದವರೆಗೆ ಓದಿ ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ. ಕೈಬಿಟ್ಟಿದ್ದ ಆ ಸಾವಿರ ಪುಟಗಳ ಕಥೆಯನ್ನೂ ಮೊದಲ ಪುಟದಿಂದಲೇ, ಅಧ್ಯಾಯಕ್ಕೊಂದು ರಾತ್ರಿಯಂತೆ, ಮತ್ತೆ ಹಿಡಿಯುತ್ತೇನೆ.