ಬಿ.ಸಿ. 547 ಟ್ರಾನ್ಸಿಸ್ಟರ್ ಬದಲು ಸಿ 945 ಹಾಕಿದೆ, ಎಲ್‌ಇಡಿ ಆರುತ್ತಲೇ ಇಲ್ಲ

ಪ್ರಶ್ನೆ

ನಮಸ್ಕಾರ. ಟ್ಯಾಂಕ್ ತುಂಬಿದರೆ ಎಲ್‌ಇಡಿ ಉರಿಯುವ ಸಣ್ಣ ಸರ್ಕ್ಯೂಟ್ ಮಾಡಿದ್ದೇನೆ. 12 ವೋಲ್ಟ್ ಸಪ್ಲೈ, ಎಲ್‌ಇಡಿಗೆ 1ಕೆ ರೆಸಿಸ್ಟರ್. ಬೋರ್ಡ್ ಇರುವುದು ಬಿ.ಸಿ. 547 ಟ್ರಾನ್ಸಿಸ್ಟರ್‌ಗೆ. ಅದು ಸಿಗಲಿಲ್ಲ, ಅದೇ ಆಕಾರದ ಸಿ 945 ಹಾಕಿದೆ. ಎರಡೂ ಒಂದೇ ಜಾತಿ, ಎನ್‌ಪಿಎನ್ ಅಲ್ವಾ? ಈಗ ತಂತಿ ನೀರಿಗೆ ತಾಗಿದರೂ ಬಿಟ್ಟರೂ ಎಲ್‌ಇಡಿ ಮಂಕಾಗಿ ಉರಿಯುತ್ತಲೇ ಇರುತ್ತದೆ. ಟ್ರಾನ್ಸಿಸ್ಟರ್ ಸುಟ್ಟಿದೆಯಾ?

ಉತ್ತರ

ಸುಟ್ಟಿಲ್ಲ ಅನ್ನಿಸುತ್ತದೆ. ಕಾಲುಗಳು ಅದಲು ಬದಲಾಗಿವೆ. ಎನ್‌ಪಿಎನ್‌ನಲ್ಲಿ ಬೇಸ್ ಕಾಲಿಗೆ ಸಣ್ಣ ಕರೆಂಟ್ ಕೊಟ್ಟರೆ ಕಲೆಕ್ಟರ್ ಕಾಲಿನಿಂದ ಎಮಿಟರ್ ಕಾಲಿಗೆ ದೊಡ್ಡ ಕರೆಂಟ್ ಹರಿಯುತ್ತದೆ.

ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿಯಿರಿ. ಬಿ.ಸಿ. 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಸಿ 945ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಬೇಸ್ ಯಾವಾಗಲೂ ನಡುವೆ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಆಕಾರ ನೋಡಿ ಕಾಲು ಹೇಳೋಕೆ ಆಗಲ್ಲ.

ಮಂಕು ಬೆಳಕಿಗೂ ಇದೇ ಕಾರಣ. ನಿಮ್ಮ ಬೋರ್ಡಿನಲ್ಲಿ ಈಗ ಕಲೆಕ್ಟರ್ ಇರಬೇಕಾದ ಎಲ್‌ಇಡಿ ಕಡೆ ಎಮಿಟರ್ ಇದೆ, ಎಮಿಟರ್ ಇರಬೇಕಾದ ಗ್ರೌಂಡಿಗೆ (ಸಪ್ಲೈನ ಮೈನಸ್) ಬೇಸ್ ಸೇರಿದೆ. ಅಂದರೆ ಬೇಸ್–ಎಮಿಟರ್ ಜಂಕ್ಷನ್ (ಅವೆರಡರ ನಡುವಿನ, ಒಂದೇ ಕಡೆಗೆ ಕರೆಂಟ್ ಬಿಡುವ ಕೂಡುಭಾಗ) ಮೇಲೆ ಉಲ್ಟಾ ವೋಲ್ಟೇಜ್ ಬಿದ್ದಿದೆ. ಸಿ 945ರಲ್ಲಿ ಅದಕ್ಕಿರುವ ಮಿತಿ 5 ವೋಲ್ಟ್. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಜಂಕ್ಷನ್ ಜೀನರ್ ಡಯೋಡ್ ಥರ ಕರೆಂಟ್ ಬಿಡುತ್ತದೆ. ಉಳಿದ ಕೆಲವು ವೋಲ್ಟ್‌ನಲ್ಲಿ ಎಲ್‌ಇಡಿ ಮಂಕಾಗಿ ಉರಿಯುತ್ತಿದೆ. ನೀರಿನ ತಂತಿ ಸೇರಿರುವುದು ಕಲೆಕ್ಟರ್‌ಗೆ, ಹಾಗಾಗಿ ಮುಟ್ಟಿದರೂ ಬಿಟ್ಟರೂ ವ್ಯತ್ಯಾಸವಿಲ್ಲ. 5 ವೋಲ್ಟ್ ಸಪ್ಲೈ ಆಗಿದ್ದರೆ ಎಲ್‌ಇಡಿ ಉರಿಯುತ್ತಲೇ ಇರಲಿಲ್ಲ.

ಕೇಳಿದವರು

ಈಗ ಅರ್ಥವಾಯಿತು ಸರ್. ನಂಬರ್ ಅಳಿಸಿಹೋದ ಟ್ರಾನ್ಸಿಸ್ಟರ್‌ಗಳೂ ಇವೆ. ಡಿಜಿಟಲ್ ಮೀಟರ್ ಇದೆ. ಅವುಗಳ ಕಾಲು ಹೇಗೆ ಹುಡುಕುವುದು?

ಉತ್ತರ

ಬೋರ್ಡಿನಿಂದ ತೆಗೆದೇ ಅಳೆಯಿರಿ. ಇಲ್ಲದಿದ್ದರೆ ಸುತ್ತಲಿನ ರೆಸಿಸ್ಟರ್‌ಗಳು ದಾರಿ ತಪ್ಪಿಸುತ್ತವೆ.

ಮೀಟರನ್ನು ಡಯೋಡ್ ರೇಂಜಿಗೆ ತಿರುಗಿಸಿ. ಕೆಂಪು ಪ್ರೋಬ್ ಒಂದು ಕಾಲಿಗೆ, ಕಪ್ಪು ಉಳಿದ ಎರಡಕ್ಕೂ ಒಂದೊಂದಾಗಿ. ಎರಡಕ್ಕೂ 0.6ರಿಂದ 0.7 ವೋಲ್ಟ್ ಬಂದರೆ ಕೆಂಪು ಇರುವುದೇ ಬೇಸ್, ಟ್ರಾನ್ಸಿಸ್ಟರ್ ಎನ್‌ಪಿಎನ್. ಕಪ್ಪು ಒಂದೇ ಕಡೆ ನಿಂತು ಕೆಂಪು ಓಡಾಡಿದಾಗ ಹೀಗೆ ಬಂದರೆ ಅದು ಪಿಎನ್‌ಪಿ (ಕರೆಂಟ್ ಉಲ್ಟಾ ದಿಕ್ಕಿನಲ್ಲಿ ಹರಿಯುವ ಜಾತಿ), ಕಪ್ಪು ಇರುವುದು ಬೇಸ್. ಉಳಿದ ಎರಡು ಕಾಲಿನ ನಡುವೆ ಯಾವ ಕಡೆಗೂ ರೀಡಿಂಗ್ ಬರಬಾರದು. ಬಂದರೆ ಆ ಟ್ರಾನ್ಸಿಸ್ಟರನ್ನು ನಂಬಬೇಡಿ.

ಕಷ್ಟ ಇರುವುದು ಕಲೆಕ್ಟರ್ ಯಾವುದು, ಎಮಿಟರ್ ಯಾವುದು ಅನ್ನುವಲ್ಲಿ. ಸಾಮಾನ್ಯವಾಗಿ ಎಮಿಟರ್ ಕಡೆ ರೀಡಿಂಗ್ ಒಂದು ಚೂರು ಜಾಸ್ತಿ, ಒಂದು ಕಡೆ 0.662 ಬಂದರೆ ಇನ್ನೊಂದು ಕಡೆ 0.668 ಅನ್ನುವ ಹಾಗೆ. ಇಷ್ಟು ಸಣ್ಣ ವ್ಯತ್ಯಾಸ ನೋಡುವಾಗ ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿಯಬೇಡಿ. ಒಂದು ಡಿಗ್ರಿ ಬಿಸಿಯಾದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕೈಬಿಸಿಗೇ ಲೆಕ್ಕ ತಲೆಕೆಳಗಾಗುತ್ತದೆ.

ಮೀಟರಿನಲ್ಲಿ ಎಚ್‌ಎಫ್‌ಇ (ಗೇನ್, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಅನ್ನುವ ಲೆಕ್ಕ) ಅಳೆಯುವ ಸಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಬೇಸ್ ಗೊತ್ತಾದ ಮೇಲೆ ಉಳಿದೆರಡು ಕಾಲನ್ನು ಹಾಗೂ ಹೀಗೂ ಹಾಕಿ ನೋಡಿ. ಇಂಥ ಸಣ್ಣ ಟ್ರಾನ್ಸಿಸ್ಟರ್ ಸರಿಯಾಗಿ ಕೂತರೆ ನೂರು, ಇನ್ನೂರರ ಹತ್ತಿರ ತೋರಿಸುತ್ತದೆ. ಉಲ್ಟಾ ಕೂತರೆ ತುಂಬಾ ಕಡಿಮೆ.

ಕೇಳಿದವರು

ಅಳೆದೆ. ಬಲತುದಿಯ ಕಾಲೇ ಬೇಸ್! ಇದೇ ಸಿ 945 ಇಟ್ಟುಕೊಂಡು ಬೋರ್ಡ್ ಸರಿಮಾಡಬಹುದಾ?

ಉತ್ತರ

ಮಾಡಬಹುದು. ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ತಿರುಗಿಸಿ, ಎಮಿಟರ್ ತನ್ನ ತೂತಿಗೇ ಬರುತ್ತದೆ. ಉಳಿದ ಎರಡು ಕಾಲನ್ನು ಅಡ್ಡ ದಾಟಿಸಿ ಹಾಕಿ, ಒಂದಕ್ಕೊಂದು ತಾಗದಂತೆ ಒಂದಕ್ಕೆ ಪ್ಲಾಸ್ಟಿಕ್ ಸ್ಲೀವ್ ಹಾಕಲು ಮರೆಯಬೇಡಿ. ಬೇಸ್–ಎಮಿಟರ್ ಉಲ್ಟಾ ಕರೆಂಟ್ ತುಂಬಾ ಹೊತ್ತು ಹರಿದರೆ ಗೇನ್ ಕಾಯಂ ಆಗಿ ಇಳಿಯುತ್ತದೆ. ಅದಕ್ಕೇ ಹಾಕುವ ಮೊದಲು ಎಚ್‌ಎಫ್‌ಇ ನೋಡಿ. ಹೊಸ ಸಿ 945 ಇದ್ದರೆ ಅದರ ಜೊತೆ ಹೋಲಿಸಿ, ತೀರಾ ಕಡಿಮೆ ಇದ್ದರೆ ಹೊಸದನ್ನೇ ಹಾಕಿ.